ಅಮ್ಮನೇ ಸರ್ಕಾರವಾಗಿದ್ದ ಬೇಸಿಗೆ

ನಾನು ಚಿಕ್ಕವಳಿದ್ದಾಗ ನಮ್ಮೂರಿನವರ ಪಾಲಿಗೆ ಸರ್ಕಾರ ಅಂದರೆ ನನ್ನ ಅಮ್ಮ. ಮಂತ್ರಿಗಳು ಟೀವಿಯೊಳಗೆ ಇರುತ್ತಿದ್ದರು, ಅಧಿಕಾರಿಗಳು ಜೀಪಿನೊಳಗೆ ಇರುತ್ತಿದ್ದರು. ಊರಿನವರ ಕೈಗೆ ಸಿಗುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಕೂಸುಗಳಿಗೆ ಪೋಲಿಯೊ ಹನಿ ಹಾಕಿಸುವುದು, ಯಾರ ಮನೆಯಲ್ಲಿ ಜ್ವರ ಬಂದಿದೆ ಎಂದು ವಿಚಾರಿಸಿಕೊಂಡು ಬರುವುದು ಅವಳ ಕೆಲಸ. ಗುಲಾಬಿ ಬಣ್ಣದ ಸೀರೆ ಉಟ್ಟು, ಹೆಗಲಿಗೆ ಕಪ್ಪು ಚೀಲ ಹಾಕಿಕೊಂಡು ಅವಳು ಬೀದಿಗೆ ಇಳಿದರೆ, ಜಗಲಿಯ ಮೇಲೆ ಕೂತ ಮುದುಕಿಯರು, "ಓ, ಸರ್ಕಾರ ಬಂತು ಕಣ್ರೇ," ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಆ ಬೇಸಿಗೆಯಲ್ಲಿ ಅದೇ ಮಾತು ಬೈಗುಳವಾಯಿತು.

ನಮ್ಮೂರು ದೊಡ್ಡಬಳ್ಳಾಪುರದ ಆಚೆ. ಅಪ್ಪ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಊರ ಹೊರಗೆ ದ್ರಾಕ್ಷಿ ತೋಟ ಮಾಡಿದ್ದರು. ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ದೊಡ್ಡಮ್ಮ ಒಗ್ಗರಣೆ ಹಾಕಿದರೆ ಇಲ್ಲಿ ನಮಗೆ ಸೀನು ಬರುತ್ತಿತ್ತು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಾನೂ ಅಕ್ಕನೂ ಅರ್ಧ ಊಟ ಇಲ್ಲಿ, ಅರ್ಧ ಊಟ ಅಲ್ಲಿ ಮಾಡುತ್ತಾ ಬೆಳೆದೆವು. ದೊಡ್ಡಪ್ಪ ತೋಟದಿಂದ ಬರುವಾಗ ಟವೆಲಿನ ತುದಿಯಲ್ಲಿ ದ್ರಾಕ್ಷಿ ಗೊಂಚಲು ಕಟ್ಟಿಕೊಂಡು ಬಂದು, ಯಾರಿಗೂ ಕಾಣದಂತೆ ನನ್ನ ಕೈಗೆ ಕೊಡುತ್ತಿದ್ದರು. ಅಕ್ಕನಿಗೂ ಹಾಗೆಯೇ ಕೊಡುತ್ತಿದ್ದರು ಎಂದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು.

ಮಕ್ಕಳೇ, ಕೊರೊನಾ ಎಂಬ ರೋಗದ ಹೆಸರನ್ನು ನೀವು ಪಾಠದಲ್ಲಿ ಓದಿದ್ದೀರಿ. ಅದು ಮೊದಲ ಸಲ ಬಂದ ವರ್ಷ ನಮ್ಮೂರಿನಲ್ಲಿ ರೋಗಕ್ಕಿಂತ ಮೊದಲು ಹೆದರಿಕೆ ಬಂತು. ಟೀವಿಯಲ್ಲಿ ಹೇಳಿದರೆಂದು ಎಲ್ಲರೂ ಬಾಗಿಲಿಗೆ ಬಂದು ತಟ್ಟೆ ಬಡಿದರು. ಅಮ್ಮನಿಗೆ ಪಂಚಾಯಿತಿಯಲ್ಲಿ ಶಾಲು ಹೊದಿಸಿದರು. ಅದಾಗಿ ಕೆಲವೇ ವಾರಕ್ಕೆ ಕೆಳಗಿನ ಬೀದಿಯಲ್ಲಿ ಒಬ್ಬ ಲಾರಿ ಡ್ರೈವರಿಗೆ ರೋಗ ತಗುಲಿತು. ಬಿಳಿ ಕಿಟ್ ತೊಟ್ಟ ಜನ ಬಂದು ಅವನನ್ನು ಕರೆದೊಯ್ದರು. ಬೀದಿಯ ಎರಡೂ ತುದಿಗೆ ತಗಡು ಹೊಡೆದರು. ಡೈರಿಯಲ್ಲಿ ಆ ಮನೆಯ ಹಾಲು ಬೇಡ ಎಂದರು. ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ಅಮ್ಮ ಒಬ್ಬಳೇ ತಗಡಿನ ಸಂದಿಯಿಂದ ಅಕ್ಕಿ, ಬೇಳೆ, ಮಾತ್ರೆ ಕೊಟ್ಟು ಬರುತ್ತಿದ್ದಳು. ಡ್ರೈವರ್ ಗುಣವಾಗಿ ಬಂದ. ಆದರೂ ಊರಿನ ಹುಡುಗರು ಆ ಮನೆಯನ್ನು ಕೊರೊನಾ ಮನೆ ಎಂದೇ ಕರೆಯುತ್ತಿದ್ದರು. ಕೊನೆಗೆ ಆ ಸಂಸಾರ ಮನೆ ಖಾಲಿ ಮಾಡಿಕೊಂಡು ಹೊಸಕೋಟೆ ಕಡೆಗೆ ಹೋಗಿಬಿಟ್ಟಿತು.

ಮರುವರ್ಷ ಬೇಸಿಗೆಯಲ್ಲಿ ರೋಗ ಮತ್ತೆ ಬಂತು. ಈ ಸಲ ಅದು ಒಂದು ಬೀದಿಯಲ್ಲಿ ನಿಲ್ಲಲಿಲ್ಲ. ದೇವನಹಳ್ಳಿ ಕಡೆ ಇಳಿಯುವ ವಿಮಾನಗಳು ಕಡಿಮೆಯಾಗಿ ಆಕಾಶ ಬಿಕೋ ಎನ್ನುತ್ತಿತ್ತು. ಸಂತೆ ಇಲ್ಲ, ಬಸ್ಸಿಲ್ಲ. ತರಕಾರಿ ಮಾರಲು ಬೆಳಗಿನ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಿದ್ದರು, ತಡವಾದರೆ ಪೊಲೀಸರು ಲಾಠಿ ಬೀಸುತ್ತಿದ್ದರು. ಕೊಳ್ಳುವವರು ಬಾರದೆ ದೊಡ್ಡಪ್ಪನ ತೋಟದ ದ್ರಾಕ್ಷಿ ಬಳ್ಳಿಯಲ್ಲೇ ಒಡೆದು ಸೋರಿತು. ಗಾಳಿ ಬೀಸಿದರೆ ಊರಿಗೆಲ್ಲ ಹುಳಿ ವಾಸನೆ. ಜನರ ಹೆದರಿಕೆ ಈಗ ಸಿಟ್ಟಾಗಿತ್ತು. ಸಾಯುವವರ ಲೆಕ್ಕ ಮುಚ್ಚಿಡುತ್ತಿದ್ದಾರೆ ಎಂದು ಒಬ್ಬರು, ದೊಡ್ಡವರಿಗೆ ಮಾತ್ರ ಬೆಡ್ ಕೊಡುತ್ತಾರೆ ಎಂದು ಇನ್ನೊಬ್ಬರು. ಅರಳಿಕಟ್ಟೆಯಲ್ಲಿ ಕೂತು ಬೈಯುವವರಿಗೆ ಎದುರಿಗೆ ಬೈಸಿಕೊಳ್ಳುವ ಒಬ್ಬರು ಬೇಕಲ್ಲ. ಅಮ್ಮ ದಿನಾ ಆ ಕಟ್ಟೆಯ ಮುಂದೆಯೇ ಹಾದುಹೋಗಬೇಕಿತ್ತು.

ಆ ದಿನ ನಮ್ಮ ಶಾಲೆಯಲ್ಲಿ ಲಸಿಕೆ ಹಾಕುತ್ತಾರೆ ಎಂದು ಹೇಳಿದ್ದರು. ಯುಗಾದಿಯ ಹೊತ್ತಿಗೆ ಅಮ್ಮ ಮನೆ ಮನೆ ತಿರುಗಿ ಲಸಿಕೆ ಹಾಕಿಸಿಕೊಳ್ಳಿ ಎಂದು ಬೇಡಿಕೊಂಡಾಗ ಎಷ್ಟೋ ಜನ ಕದ ಹಾಕಿಕೊಂಡಿದ್ದರು. ಈಗ ಸುತ್ತಮುತ್ತ ಸಾವು ನೋಡಿದ ಮೇಲೆ ಎಲ್ಲರಿಗೂ ಬೇಕಾಗಿತ್ತು. ಬೆಳಕು ಹರಿಯುವ ಹೊತ್ತಿಗೇ ಶಾಲೆಯ ಗೇಟಿನಿಂದ ಬಾವಿಯವರೆಗೆ ಸಾಲು. ದೂರ ದೂರ ನಿಲ್ಲಬೇಕೆಂದು ಹಾಕಿದ್ದ ಸುಣ್ಣದ ವೃತ್ತಗಳಲ್ಲಿ ಜನರ ಬದಲು ಚಪ್ಪಲಿ, ಕಲ್ಲು, ಬ್ಯಾಗುಗಳು ನಿಂತಿದ್ದವು. ಜನ ಬೇವಿನ ಮರದ ನೆರಳಿನಲ್ಲಿ ಒತ್ತಾಗಿ ಕೂತಿದ್ದರು. ಅಮ್ಮ ತಿಂಡಿ ತಿನ್ನದೆ ಹೋಗಿದ್ದಳು. ನಾನು ಡಬ್ಬಿಯಲ್ಲಿ ಉಪ್ಪಿಟ್ಟು ತೆಗೆದುಕೊಂಡು ಹೋದೆ.

ಜೀಪಿನಲ್ಲಿ ಬಂದ ನೀಲಿ ಪೆಟ್ಟಿಗೆಯನ್ನು ನರ್ಸಮ್ಮ ತೆರೆದು ನೋಡಿದರು. ನೋಡಿ ಅಮ್ಮನ ಮುಖ ನೋಡಿದರು. ಬಂದಿದ್ದ ಲಸಿಕೆ ಸಾಲಿನ ಕಾಲು ಭಾಗಕ್ಕೂ ಸಾಲದು. ಅದೂ ಎರಡನೇ ಸಲ ಹಾಕಿಸಿಕೊಳ್ಳುವವರಿಗೆ ಮಾತ್ರ ಎಂದು ಹೇಳಿ ಕಳಿಸಿದ್ದರು. ಅದನ್ನು ಜನರಿಗೆ ಹೇಳುವ ಕೆಲಸ ಯಾರದ್ದು? ಅಮ್ಮನದೇ. ಅವಳು ಮೆಟ್ಟಿಲ ಮೇಲೆ ನಿಂತು ಹೇಳಿದಳು.  ಆಮೇಲೆ ಗಲಾಟೆ ಎದ್ದಿತು.

"ಏನಮ್ಮಾ, ಹಾಕಿಸ್ಕೊಳ್ಳಿ ಹಾಕಿಸ್ಕೊಳ್ಳಿ ಅಂತ ಮನೆಗೆ ಬಂದು ಪ್ರಾಣ ತಿಂದೆ. ಈಗ ಬಂದ್ರೆ ಇಲ್ಲ ಅಂತೀಯಾ?" ಎಂದು ಒಬ್ಬ ಯಜಮಾನರು ಕೂಗಿದರು.

"ನಾನೇನು ಮಾಡ್ಲಣ್ಣಾ, ಅವರು ಕಳ್ಸಿರೋದೇ ಇಷ್ಟು," ಅಂದಳು ಅಮ್ಮ.

"ಅವರು ಅಂದ್ರೆ ಯಾರು? ನೀನೇ ತಾನೆ ಸರ್ಕಾರದೋಳು?"

ಯಾರೋ ಹಿಂದಿನಿಂದ ಒಂದು ಚಪ್ಪಲಿ ಎಸೆದರು. ಅದು ಅಮ್ಮನಿಗೆ ತಾಗಲಿಲ್ಲ, ಪಕ್ಕದ ಗೋಡೆಗೆ ಬಡಿದು ಬಿತ್ತು. ಗೋಡೆಯ ಮೇಲೆ ಕೆಂಪು ಮಣ್ಣಿನ ಗುರುತು ಉಳಿಯಿತು. ಅಮ್ಮ ನನ್ನ ಕಡೆ ನೋಡಿ, ಮನೆಗೆ ಹೋಗು ಎಂದು ಕಣ್ಣಲ್ಲೇ ಹೇಳಿದಳು. ನಾನು ಹೋಗಲಿಲ್ಲ. ಉಪ್ಪಿಟ್ಟಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತೆ. ಡಬ್ಬಿ ಇನ್ನೂ ಬಿಸಿಯಾಗಿತ್ತು.

ಆಗಲೇ ಅಕ್ಕ ಓಡಿಬಂದಳು. ಕಾಲಲ್ಲಿ ಚಪ್ಪಲಿ ಇಲ್ಲ, ಮುಖಕ್ಕೆ ಮಾಸ್ಕ್ ಇಲ್ಲ. "ಅಮ್ಮಾ, ದೊಡ್ಡಪ್ಪಂಗೆ ಉಸಿರಾಡಕ್ಕಾಗ್ತಿಲ್ಲ. ಬೇಗ ಬಾ."

ಅದಕ್ಕೂ ಕೆಲವು ದಿನ ಮುಂಚಿನಿಂದ ಗೋಡೆಯಾಚೆ ಕೆಮ್ಮು ಕೇಳುತ್ತಿತ್ತು. ಅಮ್ಮ ಹೋಗಿ ಕೇಳಿದ್ದಳು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತು, "ಮೆಣಸಿನಕಾಯಿ ಹುರೀತಿದ್ದೆ ಕಣೇ, ಅದರ ಘಾಟು," ಎಂದಿದ್ದಳು. ಮರುದಿನ ಮತ್ತೆ ಕೇಳಿದಾಗಲೂ ಅದೇ ಉತ್ತರ. ನನಗೂ ಅಕ್ಕನಿಗೂ ಆ ಮನೆಗೆ ಹೋಗಬೇಡಿ ಎಂದು ಹೇಳಿ ಅಮ್ಮ ಸುಮ್ಮನಾಗಿದ್ದಳು. ಆದರೂ ಅವಳು ಆ ಗೋಡೆಗೆ ಬೆನ್ನು ಕೊಟ್ಟು ಕೂತು, ಕೆಮ್ಮು ಬಂದಾಗಲೆಲ್ಲ ಅಪ್ಪನ ಮುಖ ನೋಡುತ್ತಿದ್ದುದು ನನಗೆ ನೆನಪಿದೆ.

ನಾವು ಹೋದಾಗ ದೊಡ್ಡಪ್ಪ ಹಜಾರದ ಕಂಬಕ್ಕೆ ಒರಗಿ ಕೂತಿದ್ದರು. ಬಾಯಿ ತೆರೆದಿತ್ತು. ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಕಾಣುತ್ತಿತ್ತು. ಅಮ್ಮ ಚೀಲದಿಂದ ಬೆರಳಿಗೆ ಸಿಕ್ಕಿಸುವ ಚಿಕ್ಕ ಯಂತ್ರ ತೆಗೆದು ಅವರ ಬೆರಳಿಗೆ ಹಾಕಿದಳು. ಅದು ತೋರಿಸಿದ್ದನ್ನು ನೋಡಿದವಳೇ ಫೋನ್ ಕೈಗೆತ್ತಿಕೊಂಡಳು. ಆಂಬುಲೆನ್ಸಿಗೆ ಮಾಡಿದಳು. ಕಾಯಿರಿ ಎಂದರು. ಬೆಡ್ ಕೊಡಿಸುವವರಿಗೆ ಮಾಡಿದಳು. ಹಾಡು ಬಂತು, ಮಾತು ಬರಲಿಲ್ಲ. ಮೇಲಿನವರಿಗೆ, ಅವರ ಮೇಲಿನವರಿಗೆ ಮಾಡಿದಳು. ನಮ್ಮೂರಿನಲ್ಲೇ ಆರೋಗ್ಯ ಕೇಂದ್ರ ಇತ್ತು. ಆದರೆ ಅಲ್ಲಿನ ಡಾಕ್ಟರನ್ನು ಪೇಟೆಗೆ ಕಳಿಸಿದ್ದರು. ಇದ್ದ ಒಂದು ಆಕ್ಸಿಜನ್ ಸಿಲಿಂಡರ್ ಖಾಲಿಯಾಗಿ ಮೂಲೆಯಲ್ಲಿ ನಿಂತಿತ್ತು.

ದೊಡ್ಡಮ್ಮ ಮೊದಲು ಅಳುತ್ತಿದ್ದವಳು ಆಮೇಲೆ ಅಮ್ಮನ ಮೇಲೆ ತಿರುಗಿಬಿದ್ದಳು. "ಊರೋರಿಗೆಲ್ಲಾ ಆಸ್ಪತ್ರೆ ತೋರಿಸ್ತೀಯ. ನಿನ್ನ ಭಾವಂಗೆ ಒಂದು ಬೆಡ್ ಕೊಡ್ಸಕ್ಕಾಗಲ್ವೇನೇ? ಏನಕ್ಕೆ ಉಟ್ಕೊಂಡಿದ್ದೀಯ ಆ ಸೀರೆನಾ? ಬಿಚ್ಚಿ ಬಿಸಾಕು."

ಅಮ್ಮ ಇನ್ನೊಂದು ನಂಬರ್ ಒತ್ತಿದಳು. ಫೋನ್ ಕಿವಿಯಲ್ಲೇ ಇತ್ತು, ಅವಳ ಗಲ್ಲದ ಮೇಲೆ ಬೆವರು ಇಳಿಯುತ್ತಿತ್ತು. ದೊಡ್ಡಪ್ಪ ಕಷ್ಟಪಟ್ಟು ಕೈ ಎತ್ತಿ ದೊಡ್ಡಮ್ಮನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. ನಾನು ಹತ್ತಿರ ಹೋಗಲು ಹೆಜ್ಜೆ ಇಟ್ಟೆ. ಅದೇ ಕೈಯಿಂದ ನನಗೂ, ಅಲ್ಲೇ ಇರು, ಎಂದರು.

ಕಾದು ಕಾದು ಅಪ್ಪ ಪಕ್ಕದ ಬೀದಿಯಿಂದ ತರಕಾರಿ ಟೆಂಪೋ ತಂದ. ಅದರಲ್ಲಿ ಕೋಸಿನ ಎಲೆಗಳು ಇನ್ನೂ ಬಿದ್ದಿದ್ದವು. ಹಾಸಿಗೆ ಹಾಸಿ ದೊಡ್ಡಪ್ಪನನ್ನು ಕೂರಿಸಿದರು. ದೊಡ್ಡಮ್ಮ ಹಿಂದೆ ಕೂತು ಅವರ ಬೆನ್ನಿಗೆ ತನ್ನ ಬೆನ್ನು ಕೊಟ್ಟಳು. ಅಮ್ಮ ಮುಂದೆ ಕೂತಳು, ಫೋನ್ ಮಾಡುತ್ತಲೇ ಇದ್ದಳು. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ನಾನೂ ಅಕ್ಕನೂ ನೋಡುತ್ತಾ ನಿಂತೆವು. ಅಕ್ಕಪಕ್ಕದ ಮನೆಗಳ ಕಿಟಕಿಗಳು ಅರ್ಧ ತೆರೆದಿದ್ದವು. ಹೊರಗೆ ಮಾತ್ರ ಯಾರೂ ಬರಲಿಲ್ಲ.

ಮುಂದಿನದನ್ನು ಅಪ್ಪ ನಮಗೆ ತುಂಬಾ ದಿನ ಹೇಳಲಿಲ್ಲ. ಹೇಳಿದಾಗಲೂ ಚೂರು ಚೂರಾಗಿ ಹೇಳಿದ. ಪೇಟೆಯ ಆಸ್ಪತ್ರೆಯಲ್ಲಿ ಬಾಗಿಲಲ್ಲೇ ಮೂಗಿಗೆ ಕಡ್ಡಿ ಹಾಕಿ, ಕೊರೊನಾ ಎಂದು ಹೇಳಿ, ಫೋನ್ ನಂಬರ್ ಬರೆದುಕೊಂಡರು. ಒಳಗೆ ಜಾಗ ಇರಲಿಲ್ಲ. ನೆಲದ ಮೇಲೂ ಜನ ಮಲಗಿದ್ದರು. ಅಲ್ಲಿಂದ ಬೆಂಗಳೂರು ದಾರಿಯಲ್ಲಿದ್ದ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಗೇಟನ್ನೇ ತೆರೆಯಲಿಲ್ಲ. ಮತ್ತೊಂದರ ಮುಂದೆ ಆಂಬುಲೆನ್ಸುಗಳೇ ಸಾಲಾಗಿ ನಿಂತಿದ್ದವು. ಅಲ್ಲಿ ಟೆಂಪೋ ತಿರುಗಿಸಲು ಜಾಗ ಹುಡುಕುವಾಗ, ಬೆನ್ನ ಹಿಂದಿನ ಭಾರ ಒಮ್ಮೆಲೇ ಬದಲಾದದ್ದು ದೊಡ್ಡಮ್ಮನಿಗೆ ತಿಳಿಯಿತಂತೆ. ಅವಳು ಕೂಗಲಿಲ್ಲವಂತೆ. ಮುಂದಿನ ಗಾಜನ್ನು ಮೆಲ್ಲಗೆ ತಟ್ಟಿ, "ಸಾಕು, ಊರಿಗೆ ನಡೀರಿ," ಅಂದಳಂತೆ.

ಬಿಸಿಲು ಇಳಿಯುವ ಹೊತ್ತಿಗೆ ಟೆಂಪೋ ಊರಿಗೆ ಬಂತು. ಅಪ್ಪ ಅದನ್ನು ಮನೆಯ ಕಡೆ ತಿರುಗಿಸಲಿಲ್ಲ. ಆರೋಗ್ಯ ಕೇಂದ್ರದ ಮುಂದೆ ರಸ್ತೆಗೆ ಅಡ್ಡವಾಗಿ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಅಪ್ಪ ಜೋರಾಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಅಂದೂ ಅವನು ಜೋರಾಗಿ ಮಾತಾಡಲಿಲ್ಲ. "ಡಾಕ್ಟ್ರು ಬರೋಗಂಟ ನಮ್ಮಣ್ಣ ಇಲ್ಲೇ ಇರ್ತಾನೆ," ಅಂದ, ಅಷ್ಟೇ.

ಸುದ್ದಿ ಹಬ್ಬಿತು. ಬೆಳಿಗ್ಗೆ ಲಸಿಕೆ ಸಿಗದೆ ಹೋದವರು, ದ್ರಾಕ್ಷಿ ಕೊಳೆಯಿಸಿಕೊಂಡವರು, ಲಾಠಿ ಏಟು ತಿಂದವರು, ಆ ತಿಂಗಳು ಮನೆಯವರನ್ನು ಮಣ್ಣು ಮಾಡಿದವರು ಎಲ್ಲರೂ ಬಂದರು. ಟೆಂಪೋದಿಂದ ದೂರದಲ್ಲಿ ಸುತ್ತ ನಿಂತರು. ರಸ್ತೆಯಲ್ಲಿ ಕಲ್ಲು ಇಟ್ಟರು. ಸೋಂಪುರದ ಕಾರ್ಖಾನೆಗಳ ಕಡೆ ಸಾಮಾನು ಹೊತ್ತು ಹೊರಟಿದ್ದ ಲಾರಿಗಳು ನಿಂತವು. ಅಕ್ಕ ನನ್ನ ಕೈಯನ್ನು ನೋಯುವ ಹಾಗೆ ಹಿಡಿದುಕೊಂಡಿದ್ದಳು. ಟೆಂಪೋದ ಹಿಂಬದಿಯಲ್ಲಿ ದೊಡ್ಡಪ್ಪನ ಪಾದಗಳು ಕಾಣುತ್ತಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ತೋಟದ ಮಣ್ಣಿತ್ತು. ಅಮ್ಮ ಬಿಸಿಲಿಗೆ ತಲೆಯ ಮೇಲೆ ಹಾಕಿಕೊಂಡಿದ್ದ ಟವೆಲನ್ನು ತೆಗೆದು ಆ ಪಾದಗಳಿಗೆ ಹೊದಿಸಿದಳು.

ತುಂಬಾ ಹೊತ್ತಾದ ಮೇಲೆ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಹಿಂದೆ ಪೊಲೀಸರು. ನಾನು ಯಾರೋ ರಾಕ್ಷಸನಂಥವರು ಇಳಿಯುತ್ತಾರೆ ಎಂದುಕೊಂಡಿದ್ದೆ. ಇಳಿದವರು ನಿದ್ದೆಗೆಟ್ಟು ಕಣ್ಣು ಕೆಂಪಾದ ಸಣ್ಣ ಆಳು. ಮಾಸ್ಕ್ ಬೆವರಿಗೆ ಮುಖಕ್ಕೆ ಅಂಟಿಕೊಂಡಿತ್ತು. ಕೈಯಲ್ಲಿದ್ದ ಫೋನ್ ಒಂದೇ ಸಮನೆ ಬೆಳಗುತ್ತಿತ್ತು. ಜನ ಅವರನ್ನು ಮುತ್ತಿಕೊಂಡು ಕೂಗಿದರು. ಡಾಕ್ಟರ್ ಎಲ್ಲಿ, ಆಕ್ಸಿಜನ್ ಎಲ್ಲಿ, ಯಾಕೆ ಯಾರೂ ಫೋನ್ ಎತ್ತುವುದಿಲ್ಲ ಎಂದು ಕೇಳಿದರು. ಅವರಿಗೂ ಏನಾದರೊಂದು ಉತ್ತರ ಬೇಕಾಗಿತ್ತು. ಸುತ್ತ ನೋಡಿದರು. ಗುಲಾಬಿ ಸೀರೆ ಕಣ್ಣಿಗೆ ಬಿತ್ತು. ಸತ್ತವರ ಪಕ್ಕದ ಮನೆಯವಳೇ ಅವಳು ಎಂದು ಯಾರೋ ಅವರ ಕಿವಿಗೆ ಹಾಕಿದರು.

"ನೀನು ಈ ಊರಿನ ಆಶಾ ಅಲ್ವಾ? ಮೊದಲೇ ತಿಳಿಸಿದ್ರೆ ಇವರನ್ನ ಉಳಿಸ್ಕೊಬಹುದಿತ್ತು. ಪಕ್ಕದ ಮನೇಲೇ ಇದ್ದು ರಿಪೋರ್ಟ್ ಮಾಡಿಲ್ಲ ಅಂದ್ರೆ ಏನರ್ಥ? ಇವತ್ತೇ ನಿನ್ನ ಮೇಲೆ ಕ್ರಮ ತಗೋತೀನಿ."

 ಎಲ್ಲರೂ ಅಮ್ಮನ ಕಡೆ ತಿರುಗಿದರು. ಬೆಳಿಗ್ಗೆ ಚಪ್ಪಲಿ ಬಿದ್ದಾಗ ಅಲುಗದಿದ್ದ ಅಮ್ಮ ಈಗ ಒಂದು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡಳು. ನಿಜವನ್ನು ಹೇಳಿದ್ದರೆ ಅವಳು ಪಾರಾಗುತ್ತಿದ್ದಳು. ಹೇಳಲಿಲ್ಲ. ಗಂಡನ ಹೆಣದ ಪಕ್ಕ ಕೂತಿದ್ದ ಅಕ್ಕನಂಥ ಓರಗಿತ್ತಿಯ ಮೇಲೆ ತಪ್ಪು ಹೊರಿಸಲು ಅವಳಿಗೆ ಬಾಯಿ ಬರಲಿಲ್ಲ.

ಆಗ ದೊಡ್ಡಮ್ಮ ಟೆಂಪೋದಿಂದ ಕೆಳಗಿಳಿದಳು. ತಲೆ ಕೆದರಿತ್ತು, ಸೀರೆಯ ತುಂಬಾ ಕೋಸಿನ ಎಲೆಯ ಕಲೆ. ಅವಳು ನಡೆದು ಬಂದ ಹಾಗೆ ಜನ ದಾರಿ ಬಿಟ್ಟರು. ಅಧಿಕಾರಿಯಿಂದ ಸ್ವಲ್ಪ ದೂರದಲ್ಲಿ ನಿಂತಳು.

"ಸ್ವಾಮಿ, ಅವಳನ್ನ ಅನ್ಬೇಡಿ. ಅವಳು ಬಂದು ಬಾಗ್ಲಲ್ಲಿ ನಿಂತು ಕೇಳಿದ್ಲು. ಘಾಟು ಅಂತ ಸುಳ್ಳು ಹೇಳ್ದೋಳು ನಾನು. ಯಾಕ್ ಹೇಳ್ದೆ ಅಂತ ಕೇಳಿ."

ಯಾರಾದರೂ ಕೇಳುವವರೆಗೆ ಕಾಯದೆ ಅವಳೇ ಹೇಳಿದಳು.

"ಹೋದ್ ವರ್ಷ ಕೆಳಗಿನ ಬೀದಿಗೆ ತಗಡು ಹೊಡೆದ್ರಿ. ಒಳಗಿರೋರು ಉಂಡ್ರಾ, ಬಿಟ್ರಾ ಅಂತ ನಿಮ್ಮೋರು ಒಬ್ರೂ ಬಂದು ನೋಡ್ಲಿಲ್ಲ. ಬಂದೋಳು ಇವಳೊಬ್ಬಳೇ. ನಮಗೂ ಹಂಗೇ ಮಾಡ್ತಾರೆ, ಎಲ್ಲಿಗೋ ಎತ್ಕೊಂಡೋಗಿ ಮುಖ ಕೂಡ ತೋರಿಸಲ್ಲ ಅಂತ ನಮ್ಮೆಜಮಾನ್ರು ಹೆದರ್ಕೊಂಡ್ರು. ಯಾರಿಗೂ ಹೇಳ್ಬೇಡ ಅಂತ ಕೈ ಹಿಡ್ಕೊಂಡ್ರು. ನಾವು ಕಾಯಿಲೆಗೆ ಹೆದರಲಿಲ್ಲ ಸ್ವಾಮಿ. ನಿಮಗೆ ಹೆದರಿದ್ವಿ."

ಆಮೇಲೆ ಅವಳು ಜನರ ಕಡೆ ತಿರುಗಿದಳು. "ನಿಮಗೂ ಹೆದರಿದ್ವಿ. ಅವರ ಹಾಲು ಬೇಡ ಅಂದೋರು ನಾವೇ ಅಲ್ವಾ? ನಾನೂ ಅಂದಿದ್ದೆ."

ಡೈರಿ ನೋಡಿಕೊಳ್ಳುತ್ತಿದ್ದವರು ನೆಲ ನೋಡಿದರು. ದೊಡ್ಡಮ್ಮ ಮತ್ತೆ ಅಧಿಕಾರಿಯನ್ನು ನೋಡಿದಳು. ಅವಳ ದನಿ ಈಗ ತುಂಬಾ ಸಣ್ಣದಾಗಿತ್ತು.

"ತಪ್ಪು ನಂದೂ ಇದೆ. ಆದ್ರೆ ಇವತ್ತು ಬೆಳಗಿಂದ ಇವಳು ಎಷ್ಟು ಜನಕ್ಕೆ ಫೋನ್ ಮಾಡಿದ್ಲು, ನಾನು ಕಣ್ಣಾರೆ ನೋಡಿದೀನಿ. ಒಬ್ರು ಎತ್ತಿದ್ರಾ? ನೀವು ಎತ್ತಿದ್ರಾ ಸ್ವಾಮಿ?"

 ಆ ಹೊತ್ತಿಗೆ ಸರಿಯಾಗಿ ಅಧಿಕಾರಿಯ ಫೋನ್ ಮತ್ತೆ ಬೆಳಗಿತು. ಯಾವ ಊರಿನಿಂದಲೋ, ಯಾರ ಅಮ್ಮನೋ. ಅವರು ಅದನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಗುಂಪಿನಿಂದ ಒಂದಿಷ್ಟು ದೂರ ಹೋಗಿ ಫೋನ್ ಎತ್ತಿ, "ಹೇಳಮ್ಮಾ," ಅಂದರು. ಅವರು ಅಮ್ಮನ ಮೇಲೆ ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಡಾಕ್ಟರ್ ಅಂದು ಬರಲಿಲ್ಲ.

ಸ್ಮಶಾನಕ್ಕೆ ತರಬೇಡಿ ಎಂದು ಊರಿನಲ್ಲಿ ಕೆಲವರು ಅಂದದ್ದರಿಂದ, ದೊಡ್ಡಪ್ಪನನ್ನು ಅವರ ತೋಟದಲ್ಲೇ ಮಣ್ಣು ಮಾಡುವುದೆಂದಾಯಿತು. ಎತ್ತಲು ನಾಲ್ಕು ಜನ ಬೇಕು. ಬಿಳಿ ಕಿಟ್ ತೊಟ್ಟ ಇಬ್ಬರು ಬಂದಿದ್ದರು, ಮೂರನೆಯವನು ಅಪ್ಪ. ನಾಲ್ಕನೆಯವರು ಯಾರು ಎಂದು ಕೇಳಿದಾಗ ಗುಂಪು ಸದ್ದಿಲ್ಲದೆ ಕರಗಿತು. ನಮ್ಮ ಕಡೆ ಹೆಂಗಸರು ಹೆಣಕ್ಕೆ ಹೆಗಲು ಕೊಡುವುದಿಲ್ಲ. ಅಮ್ಮ ಸೀರೆಯ ಮೇಲೆಯೇ ಬಿಳಿ ಕಿಟ್ ಏರಿಸಿ, ಚಟ್ಟದ ಒಂದು ಮೂಲೆ ಹಿಡಿದುಕೊಂಡಳು. ದ್ರಾಕ್ಷಿ ಚಪ್ಪರದ ಕೆಳಗೆ ಅವರು ಬಗ್ಗಿ ಬಗ್ಗಿ ನಡೆದರು. ನಾವು ಬೇಲಿಯಾಚೆ ನಿಂತು ನೋಡಿದೆವು. ಕೊಳೆತ ಹಣ್ಣಿಗೆ ಮುತ್ತಿದ್ದ ಜೇನ್ನೊಣಗಳ ಗುಂಯ್ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ದೊಡ್ಡಮ್ಮನಿಗೆ ದೂರದಿಂದ ಒಂದು ಹಿಡಿ ಮಣ್ಣು ಎಸೆಯಲು ಬಿಟ್ಟರು. ಅದು ಗುಂಡಿಯವರೆಗೂ ತಲುಪಲಿಲ್ಲ.

ಅದಾದ ಮೇಲೆ ಎಷ್ಟೋ ದಿನ ದೊಡ್ಡಪ್ಪನ ಮೊಬೈಲಿಗೆ ಬೆಳಿಗ್ಗೆ ಒಂದು ಫೋನ್ ಬರುತ್ತಿತ್ತು. ಬೆಂಗಳೂರಿನ ಯಾವುದೋ ಕಚೇರಿಯಿಂದ ಒಬ್ಬ ಹುಡುಗಿ ಮೃದುವಾಗಿ ಕೇಳುತ್ತಿದ್ದಳು, ಜ್ವರ ಇದೆಯಾ, ಕೆಮ್ಮು ಇದೆಯಾ, ಮಾತ್ರೆ ತಗೊಂಡ್ರಾ ಎಂದು. ಮೊದಲು ದೊಡ್ಡಮ್ಮ ಕೂಗಾಡಿ ಫೋನ್ ಇಡುತ್ತಿದ್ದಳು. ಒಂದು ದಿನ ಮಾತ್ರ ಮೆಲ್ಲಗೆ, "ಅವರಿಲ್ಲ ಕಣಮ್ಮಾ, ಹೋಗ್ಬಿಟ್ರು. ಇನ್ನು ಮಾಡ್ಬೇಡ," ಅಂದಳು. ಆ ಕಡೆ ಹುಡುಗಿ ಅಳುವುದು ಕೇಳಿಸಿತು. ಅವಳಿಗೆ ದೊಡ್ಡಮ್ಮನೇ ಸಮಾಧಾನ ಮಾಡಿದಳು.

ದೊಡ್ಡಮ್ಮ ಅಮ್ಮನ ಹತ್ತಿರ ಆ ಬೆಳಗಿನ ಮಾತಿಗೆ ಕ್ಷಮೆ ಕೇಳಿದ್ದನ್ನು ನಾನು ನೋಡಲಿಲ್ಲ. ಆದರೆ ಆಮೇಲೆ ಅಮ್ಮ ಕೆಲಸಕ್ಕೆ ಹೊರಟಾಗ ದೊಡ್ಡಮ್ಮನೂ ಜೊತೆಗೆ ಹೋಗುತ್ತಿದ್ದಳು. ಕದ ಹಾಕಿಕೊಂಡವರ ಮನೆ ಮುಂದೆ ನಿಂತು, "ನನ್ನ ಹಂಗೆ ಮುಚ್ಚಿಡಬೇಡಿ, ಬಾಗ್ಲು ತೆಗೀರಿ," ಎನ್ನುತ್ತಿದ್ದಳು. ಪ್ರತಿ ಗ್ರಾಮಸಭೆಯಲ್ಲೂ ಮುಂದೆಯೇ ಕೂತು, ಡಾಕ್ಟರ್ ಯಾವಾಗ ಬರ್ತಾರೆ, ಆಕ್ಸಿಜನ್ ಯಾವಾಗ ಬರುತ್ತೆ ಎಂದು ಕೇಳುತ್ತಿದ್ದಳು. ಸುತ್ತ ಕೂತ ಹೆಂಗಸರೂ ದನಿಗೂಡಿಸಿದರು. ಕೇಳಿ ಕೇಳಿ, ಹಲವು ವರ್ಷಗಳ ನಂತರ ಎರಡೂ ಬಂದವು. ಹೊಸ ಕಟ್ಟಡದ ಪೂಜೆಯ ದಿನ ಎಲ್ಲರೂ ಸಿಹಿ ತಿಂದರು. ದೊಡ್ಡಮ್ಮ ಒಳಗೆ ಹೋಗಿ, ಮಂಚಗಳ ಪಕ್ಕ ಗೋಡೆಯಲ್ಲಿದ್ದ ಆಕ್ಸಿಜನ್ ಕೊಳವೆಯನ್ನು ಮುಟ್ಟಿ ನೋಡಿದಳು. "ಈಗ ಬಂತಾ," ಅಂದಳು. ಸಿಹಿ ತಿನ್ನದೆ ಮನೆಗೆ ಹೋದಳು.

ಮಕ್ಕಳೇ, ನಿಮಗೆ ಆ ಆರೋಗ್ಯ ಕೇಂದ್ರ ಎಂದರೆ ಮಂಡಿ ತರಚಿಕೊಂಡಾಗ ಮುಲಾಮು ಹಚ್ಚಿಸಿಕೊಂಡು ಬರುವ ಜಾಗ. ಅಲ್ಲಿ ಯಾವಾಗಲೂ ಒಬ್ಬ ಡಾಕ್ಟರ್ ಇರುತ್ತಾರೆ ಎಂಬುದು ನಿಮಗೆ ವಿಶೇಷವೇ ಅಲ್ಲ, ನಲ್ಲಿ ತಿರುಗಿಸಿದರೆ ನೀರು ಬರುವ ಹಾಗೆ. ಜ್ವರ ಬಂದರೆ ಯಾರಿಗೂ ಮುಚ್ಚಿಡಬೇಕು ಎಂದು ನಿಮಗೆ ಅನ್ನಿಸುವುದಿಲ್ಲ. ಶಾಲೆಗೆ ಹೋಗುವುದು ತಪ್ಪಿತಲ್ಲ ಎಂದು ಕುಣಿದುಕೊಂಡು ಬಂದು ಹೇಳುತ್ತೀರಿ. ಅದನ್ನು ನೋಡಿದರೆ ನನಗೆ ನಗು ಬರುತ್ತದೆ, ಒಳಗೊಳಗೇ ಸಮಾಧಾನವೂ ಆಗುತ್ತದೆ.

ಮೊನ್ನೆ ನಿಮ್ಮ ತಾತ, ಅಂದರೆ ನನ್ನ ಅಪ್ಪ, ಜ್ವರ ಬಂದು ಮಲಗಿದಾಗ ನೀವಿಬ್ಬರೂ ಅವರ ಮಂಚ ಹತ್ತಿದಿರಿ. ಒಬ್ಬಳು ಹಣೆ ಒತ್ತಿದಳು, ಇನ್ನೊಬ್ಬ ಅವರ ಹೊದಿಕೆಯೊಳಗೇ ನುಸುಳಿದ. ನಾನು ಬಾಗಿಲಿಗೆ ಬಂದು, ಇಳೀರಿ, ದೂರ ಹೋಗಿ ಎಂದು ಕೂಗಲು ಬಾಯಿ ತೆರೆದೆ. ತಾತ ನಗುತ್ತಿದ್ದರು.  ನಾನು ಒಳಗೆ ಬಂದು, ಮಂಚದ ಇನ್ನೊಂದು ಬದಿಯಲ್ಲಿ ಕೂತು ಅವರ ಕಾಲು ಹಿಡಿದುಕೊಂಡೆ.